ಕೊರತೆಯು ವ್ರತವೆನಿಸುವುದೇ?

ಅಲ್ಪದಲ್ಲಿ ಬಾಳುವುದೆಲ್ಲವೂ ತಪಸ್ಸೆನಿಸುವುದೇ? ಕಡಲಾಳದ ಒಂದು ಜೀವಿಯು ಈ ಪ್ರಶ್ನೆಯನ್ನು ಮುಂದಿಡುತ್ತದೆ.

ಆಫ್ರಿಕಾದ ಅಂಗೋಲಾ ತೀರದಾಚೆ, ೩೦೦ ಮೀಟರಿಗೂ ಮಿಗಿಲಾದ ಆಳದಲ್ಲಿ, ಲೋಫೇಲಿಯಾ ಎಂಬ ಶೀತಜಲದ ಹವಳವು ದಿಬ್ಬಗಳಾಗಿ ಬೆಳೆದಿರುವುದನ್ನು ಜರ್ಮನಿಯ ‘ಮೀಟಿಯೋರ್’ ನೌಕೆಯ ವಿಜ್ಞಾನಿಗಳು ೨೦೧೬ರಲ್ಲಿ ಪರಿಶೀಲಿಸಿದರು. ಅಲ್ಲಿ ಒಂದು ಲೀಟರು ನೀರಿನಲ್ಲಿ ಕರಗಿರುವ ಆಮ್ಲಜನಕವು ೦.೬ರಿಂದ ೧.೫ ಮಿಲಿಲೀಟರು ಮಾತ್ರ. ಆದರೂ ಅದು ಬಾಳುತ್ತಿದೆ. ಉಬ್ಬರವಿಳಿತದ ಪ್ರವಾಹಗಳು ತರುವ ಹೇರಳವಾದ ಆಹಾರಕಣಗಳೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳ ಅಭಿಪ್ರಾಯ. ದಕ್ಷಿಣದ ನಮೀಬಿಯಾ ತೀರದಲ್ಲಿ ಆಮ್ಲಜನಕವು ಇನ್ನೂ ಕ್ಷೀಣ. ಅಲ್ಲಿ ಉಳಿದಿರುವುದು ಸಹಸ್ರಾರು ವರ್ಷಗಳ ಹಿಂದೆ ಮಡಿದ ಹವಳದ ಅವಶೇಷ. ಸಹನೆಗೂ ಎಲ್ಲೆಯುಂಟು.

ಹವಳದ ಈ ಬಾಳು ತಪಸ್ಸಲ್ಲ. ಕೊಳ್ಳಬಲ್ಲವನು ಅರಿತು ಬಿಟ್ಟರೆ ತ್ಯಾಗ. ದೊರೆಯದುದನ್ನು ಉಣ್ಣದಿರುವುದು ಉಪವಾಸವಾಗದು. ಬಡವನ ಹಸಿವನ್ನು ವ್ರತವೆಂದು ಹೊಗಳುವವನು ತನ್ನ ಕರ್ತವ್ಯದಿಂದ ನುಣುಚಿಕೊಳ್ಳುತ್ತಾನೆ.

ಹಾಗಾದರೆ ಇಲ್ಲಿ ಸಂಯಮವು ಯಾರದಾಗಬೇಕು? ಕಡಲತಳವನ್ನು ಗೋರುವ ಬಲೆಯನ್ನು ಹಿಡಿದವನದು. ಯುಗಯುಗಗಳ ದಿಬ್ಬವನ್ನು ಅಂತಹ ಬಲೆಯು ಅಲ್ಪಕಾಲದಲ್ಲಿ ಪುಡಿಮಾಡಬಲ್ಲದು. ನಾರ್ವೆಯು ೧೯೯೯ರಲ್ಲಿ ಸೂಲಾ ಹವಳದಿಬ್ಬದ ಮೇಲೆ ಅದನ್ನು ನಿಷೇಧಿಸಿತು. ಮೀನೂ ಇತ್ತು, ಬಲೆಯೂ ಇತ್ತು. ಕಟ್ಟಳೆಯು ಕೈಯನ್ನು ತಡೆಯಿತು. ಅದೇ ಕೈಯನ್ನು ಮನಸ್ಸೇ ತಡೆದಲ್ಲಿ ಅದು ವ್ರತವಾಗುವುದು.