ಮಂತ್ರಾಚಮನವೂ ಆತ್ಮಾವಲೋಕನವೂ



ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಬೆಳಗಿನ ಹೊತ್ತು ಹೇಗಿರುತ್ತದೆಂಬುದು ಎಲ್ಲರೂ ಬಲ್ಲದ್ದೇ. ನಲ್ಲಿಯಲ್ಲಿ ನೀರು ಬರುವ ವೇಳೆ, ಮಕ್ಕಳ ಶಾಲೆಯ ಬಸ್ಸು, ಡೊಂಬಿವಲಿಯಲ್ಲಿಯೋ ಮುಲುಂಡಿನಲ್ಲಿಯೋ ಹಿಡಿಯಬೇಕಾದ ಲೋಕಲ್ ಗಾಡಿ. ಇವುಗಳ ನಡುವೆ ಹತ್ತು ನಿಮಿಷಗಳನ್ನಾದರೂ ಸಂಧ್ಯಾವಂದನೆಗೆ ಮೀಸಲಿಡುವ ಗೃಹಸ್ಥರು ಇಂದಿಗೂ ಇರುವುದು ಸಂತೋಷದ ಸಂಗತಿ. ಅವರಲ್ಲಿ ದೋಷವೆಣಿಸುವುದು ನಮ್ಮ ಉದ್ದೇಶವಲ್ಲ. ಆ ಹತ್ತು ನಿಮಿಷಗಳ ಒಳಗೇ ಆತ್ಮಾವಲೋಕನವೆಂಬ ಸಾಧನೆಯೊಂದು ಅಡಗಿದೆ. ಅದನ್ನು ನಾವು ದಿನವೂ ದಾಟಿ ಹೋಗುತ್ತಿದ್ದೇವೆ ಎಂಬುದನ್ನು ಸೂಚಿಸುವುದಷ್ಟೇ ಉದ್ದೇಶ.

ಪ್ರಾತಃಸಂಧ್ಯೆಯ ಮಂತ್ರಾಚಮನದಲ್ಲಿ ‘ಸೂರ್ಯಶ್ಚ’ ಎಂದು ಆರಂಭವಾಗುವ ಮಂತ್ರವನ್ನು ಹೇಳಿ ನೀರನ್ನು ಪ್ರಾಶನ ಮಾಡುತ್ತೇವೆ. ಇದರ ಅರ್ಥವನ್ನು ಗಮನಿಸಬೇಕು. ಮೊದಲ ಬೇಡಿಕೆಯೇ ಕೋಪದಿಂದ ಮಾಡಿದ ಪಾಪಗಳಿಂದ ರಕ್ಷಣೆ ದೊರೆಯಲಿ ಎಂಬುದು. ಅನಂತರ ರಾತ್ರಿಯಲ್ಲಿ ಮಾಡಿದ ಪಾಪವನ್ನು ಒಂದೊಂದು ಅಂಗವನ್ನೂ ಹೆಸರಿಸಿ ಹೇಳಿಕೊಳ್ಳುತ್ತೇವೆ: ಮನಸ್ಸಿನಿಂದ, ಮಾತಿನಿಂದ, ಕೈಗಳಿಂದ, ಕಾಲುಗಳಿಂದ, ಹೊಟ್ಟೆಯಿಂದ, ಉಪಸ್ಥದಿಂದ ಮಾಡಿದ್ದು. ಕೊನೆಗೆ ಆ ಪಾಪಸಹಿತನಾದ ತನ್ನನ್ನೇ ಸೂರ್ಯಜ್ಯೋತಿಯಲ್ಲಿ ಹೋಮಿಸುವ ಭಾವನೆ. ಸಾಯಂಸಂಧ್ಯೆಯ ಮಂತ್ರದಲ್ಲಿ ಇದೇ ಕ್ರಮದಲ್ಲಿ ಹಗಲಿನ ಲೆಕ್ಕ. ಅಲ್ಲಿ ಹೋಮವು ಸತ್ಯವೆಂಬ ಜ್ಯೋತಿಯಲ್ಲಿ. ಮಧ್ಯಾಹ್ನದ ಮಂತ್ರದಲ್ಲಿ ಉಣ್ಣಬಾರದುದನ್ನು ಉಂಡದ್ದು, ತೆಗೆದುಕೊಳ್ಳಬಾರದವರಿಂದ ತೆಗೆದುಕೊಂಡದ್ದು ಇವುಗಳ ಶುದ್ಧಿಗಾಗಿ ಪ್ರಾರ್ಥನೆ. ಹೀಗೆ ದಿನಕ್ಕೆ ಮೂರು ಬಾರಿ ಲೆಕ್ಕವನ್ನು ಒಪ್ಪಿಸುವ ವ್ಯವಸ್ಥೆಯನ್ನು ವೇದವೇ ಮಾಡಿಕೊಟ್ಟಿದೆ. ನಾವು ನೀರನ್ನು ಕುಡಿಯುತ್ತೇವೆ, ಲೆಕ್ಕವನ್ನು ತೆರೆಯುವುದಿಲ್ಲ.

ಈ ಲೆಕ್ಕವನ್ನು ನೋಡುವವರು ಯಾರು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಮನಸ್ಸು ಬೇರೆ, ಸಾಕ್ಷಿ ಬೇರೆ. ಮನಸ್ಸು ಜಡವಾದ ಇಂದ್ರಿಯ. ಅದರಿಂದ ಹುಟ್ಟುವ ಜ್ಞಾನದಲ್ಲಿ ತಪ್ಪೂ ಬೆರೆಯಬಹುದು. ಸಾಕ್ಷಿಯು ಜೀವನ ಸ್ವರೂಪೇಂದ್ರಿಯ. ತನ್ನನ್ನೂ ತನ್ನ ಸುಖದುಃಖಗಳನ್ನೂ ನೇರವಾಗಿ ಅರಿಯುವಂಥದ್ದು, ದೋಷರಹಿತವಾದದ್ದು. ಆದುದರಿಂದಲೇ ನಾವು ಲೋಕಕ್ಕೆ ಸಮಾಧಾನ ಹೇಳಬಹುದು, ನಮ್ಮ ಮನಸ್ಸಿಗೂ ಸಮಾಧಾನ ಹೇಳಿಕೊಳ್ಳಬಹುದು. ಒಳಗಿನ ಅಳುಕನ್ನು ಮಾತ್ರ ಇಲ್ಲವೆನ್ನಲಾಗದು. ಆತ್ಮಾವಲೋಕನವೆಂದರೆ ಮನಸ್ಸಿನ ಸಬೂಬುಗಳನ್ನು ಬದಿಗಿಟ್ಟು ಆ ಅಳುಕಿಗೆ ಕಿವಿಗೊಡುವುದು.

ಈ ಮಾತನ್ನು ಪುಸ್ತಕದಿಂದ ಮಾತ್ರ ತಿಳಿದು ಬರೆಯುತ್ತಿಲ್ಲ. ಸ್ವಂತದ ಸಂಗತಿಯೊಂದನ್ನು ಸಂಕೋಚದಿಂದಲೇ ನಿವೇದಿಸುತ್ತೇವೆ.

ನಾವು ರೈಲ್ವೆಯಲ್ಲಿ ಸಂಚಾರ ವಿಭಾಗದ ಅಧಿಕಾರಿಗಳಾಗಿದ್ದೆವು. ಪ್ರತಿ ಸ್ಟೇಷನ್ನಿನಲ್ಲಿಯೂ ಟ್ರೈನ್ ಸಿಗ್ನಲ್ ರಿಜಿಸ್ಟರ್ ಎಂಬ ಪುಸ್ತಕವಿರುತ್ತದೆ. ಗಾಡಿಗೆ ಲೈನ್ ಕ್ಲಿಯರ್ ಕೊಟ್ಟ ವೇಳೆ, ಬಂದ ವೇಳೆ, ಹೋದ ವೇಳೆ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಅದರಲ್ಲಿ ಅಳಿಸಿ ಬರೆಯುವಂತಿಲ್ಲವೆಂಬುದು ನಿಯಮ. ತಪ್ಪು ಬಿದ್ದರೆ ಹಳೆಯದು ಓದಲು ಬರುವಂತೆ ಅದರ ಮೇಲೆ ಒಂದು ಗೆರೆ ಎಳೆದು, ಮೇಲ್ಗಡೆ ಸರಿಯಾದುದನ್ನು ಬರೆಯಬೇಕು.

1995ರ ಆರಂಭದಲ್ಲಿ ಒಂದು ರಾತ್ರಿ ಗೂಡ್ಸ್ ಗಾಡಿಯೊಂದು ಐವತ್ತು ನಿಮಿಷ ನಿಂತುಹೋಯಿತು. ವಿಚಾರಣೆಗೆ ಹೋದ ನಾವು ಒಂದು ಸಣ್ಣ ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಗೆರೆ ಎಳೆದು ತಿದ್ದಿದ ವೇಳೆಯನ್ನು ಕಂಡೆವು. ಅಲ್ಲಿಯ ಸ್ಟೇಷನ್ ಮಾಸ್ತರರು, ಅದು ಆಗಲೇ ಮಾಡಿದ ತಿದ್ದುಪಡಿಯೆಂದು ಕೈಮುಗಿದು ಹೇಳಿದರು. ನಾವು ಕೋಪದಲ್ಲಿದ್ದೆವು, ಮೇಲಿನವರಿಗೆ ಬೇಗನೆ ವರದಿ ಒಪ್ಪಿಸುವ ಅವಸರವೂ ಇತ್ತು. ಪಕ್ಕದ ಸ್ಟೇಷನ್ನಿನ ಪುಸ್ತಕವನ್ನು ತೆರೆದುನೋಡದೆಯೇ, ತಪ್ಪನ್ನು ಮುಚ್ಚಲು ಆಮೇಲೆ ತಿದ್ದಿದ್ದಾರೆಂದು ಬರೆದುಬಿಟ್ಟೆವು. ಅವರ ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕಾಗಿ ಆ ಪಕ್ಕದ ಸ್ಟೇಷನ್ನಿಗೆ ಹೋದಾಗ ಹಳೆಯ ರಿಜಿಸ್ಟರು ಕಣ್ಣಿಗೆ ಬಿದ್ದಿತು. ಆ ರಾತ್ರಿಯ ಪುಟವನ್ನು ನೋಡಿದೆವು. ವೇಳೆಯೂ, ಲೈನ್ ಕ್ಲಿಯರಿನೊಡನೆ ಕೊಡುವ ಗುಪ್ತಸಂಖ್ಯೆಯೂ ಆ ಮಾಸ್ತರರು ತಿದ್ದಿ ಬರೆದಿದ್ದುದಕ್ಕೆ ಸರಿಯಾಗಿ ಹೊಂದುತ್ತಿದ್ದವು. ಅವರು ಹೇಳಿದ್ದು ನಿಜ. ನಾವು ಪುಸ್ತಕವನ್ನು ಮುಚ್ಚಿಟ್ಟು ಬಂದೆವು. ಮುಗಿದ ಪ್ರಕರಣ, ಸಣ್ಣ ಮೊತ್ತ, ಈಗ ಕೆದಕಿದರೆ ಇಲಾಖೆಗೇ ಮುಜುಗರ: ಮನಸ್ಸು ಎಷ್ಟೋ ಸಮಾಧಾನಗಳನ್ನು ಹೊಂದಿಸಿಕೊಟ್ಟಿತು.

1996ರ ಚಾತುರ್ಮಾಸ್ಯದಲ್ಲಿ ವಿದ್ವಾಂಸರೊಬ್ಬರು ಸಂಧ್ಯಾಮಂತ್ರಗಳ ಅರ್ಥವನ್ನು ಪ್ರವಚನ ಮಾಡಿದರು. ಸಂಸ್ಕೃತ ಬಲ್ಲೆವೆಂಬ ಅಭಿಮಾನದಿಂದ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆವು. ಅರ್ಥವೇನೂ ನಮಗೆ ಹೊಸದಲ್ಲ. ಆದರೆ ಕೋಪದಿಂದ ಮಾಡಿದ ಪಾಪವೆಂಬ ಮಾತು ಬಂದಾಗ ಆ ಗೆರೆ ಎಳೆದ ಅಂಕಿಗಳು ಕಣ್ಣ ಮುಂದೆ ನಿಂತವು. ಮನೆಗೆ ಬಂದು ಲೆಕ್ಕ ಹಾಕಿದೆವು. ಆ ರಿಜಿಸ್ಟರನ್ನು ಕಂಡು ಹದಿನಾಲ್ಕು ತಿಂಗಳುಗಳಾಗಿದ್ದವು. ಅಂದರೆ ನಾನೂರಕ್ಕೂ ಹೆಚ್ಚು ಬೆಳಗುಗಳಲ್ಲಿ ಆ ಮಂತ್ರವನ್ನು ಸ್ವರಸಹಿತವಾಗಿ ಹೇಳಿದ್ದೆವು. ಒಮ್ಮೆಯೂ ನಮ್ಮ ಬಗೆಗೆ ಹೇಳಿರಲಿಲ್ಲ.

ಮರುದಿನ ಮೇಲಧಿಕಾರಿಗಳಿಗೆ ನಮ್ಮ ತಪ್ಪನ್ನು ಒಪ್ಪಿ ಪತ್ರ ಬರೆದೆವು. ಶಿಕ್ಷೆ ರದ್ದಾಗಿ ಅವರಿಗೆ ಹಣ ಮರಳಿ ಬಂದಿತು. ನಮಗೆ ಲಿಖಿತ ಎಚ್ಚರಿಕೆ ದೊರೆಯಿತು. ಕ್ಷಮೆ ಕೇಳಲು ಹೋದಾಗ ಆ ಮಾಸ್ತರರು ಹೇಳಿದ ಮಾತನ್ನು ಮರೆಯಲಾಗುವುದಿಲ್ಲ. “ಸಾಹೇಬರೇ, ದುಡ್ಡು ಹೋದದ್ದಕ್ಕೆ ನನಗೆ ಅಷ್ಟು ಬೇಜಾರಿರಲಿಲ್ಲ. ‘ಅಪ್ಪಾ, ನೀವು ನಿಜವಾಗಿಯೂ ಸುಳ್ಳು ಬರೆದಿದ್ದಿರಾ?’ ಅಂತ ಮಗ ಕೇಳಿದ. ನಾನು ಇಲ್ಲ ಅಂದೆ. ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.” ಇನ್‌ಕ್ರಿಮೆಂಟನ್ನು ಮರಳಿಸಬಹುದು, ಆ ಹದಿನಾಲ್ಕು ತಿಂಗಳುಗಳನ್ನು ನಾವು ಎಲ್ಲಿಂದ ತಂದುಕೊಡುವುದು?

ಇಲ್ಲಿ ಒಂದು ಶಂಕೆ ಬರಬಹುದು. ಎಲ್ಲವನ್ನೂ ಮಾಡಿಸುವವನು ಶ್ರೀಹರಿಯೇ ಆಗಿರುವಾಗ ನಮ್ಮ ತಪ್ಪಿನ ವಿಚಾರವೇಕೆ? ಬ್ರಹ್ಮಸೂತ್ರಗಳ 2ನೆಯ ಅಧ್ಯಾಯದ 3ನೆಯ ಪಾದದಲ್ಲಿ ಇದಕ್ಕೆ ನಿರ್ಣಯವಿದೆ. ಜೀವನೂ ಕರ್ತೃವೇ, ಅಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾಗುತ್ತವೆ. ಆ ಕರ್ತೃತ್ವವು ಪರಮಾತ್ಮನ ಅಧೀನವೆಂಬುದು ಅದರ ಮುಂದಿನ ಮಾತು. ಸ್ವಾತಂತ್ರ್ಯ ಅವನದು, ಹೊಣೆ ನಮ್ಮದು. ಒಳ್ಳೆಯದಾದಾಗ ತನ್ನ ಸಾಮರ್ಥ್ಯವೆಂದೂ ಕೆಟ್ಟದಾದಾಗ ಹರೀಚ್ಛೆಯೆಂದೂ ಹೇಳುವುದು ಸಿದ್ಧಾಂತವಲ್ಲ, ಸೌಕರ್ಯ. ನಮ್ಮ ಹರಿದಾಸರು ಪದಗಳಲ್ಲಿ ತಮ್ಮ ದೋಷಗಳನ್ನು ತಾವೇ ಎಣಿಸಿಕೊಂಡು ಸ್ವಾಮಿಯ ಮುಂದಿಟ್ಟ ರೀತಿಯನ್ನು ಇಲ್ಲಿ ಸ್ಮರಿಸಬೇಕು. ದೋಷ ತಮ್ಮದು, ಕರುಣೆ ಅವನದು ಎಂಬುದೇ ಅವರ ಕ್ರಮ.

ಆಚರಣೆಯ ವಿಷಯದಲ್ಲಿ ನಮ್ಮ ಸೂಚನೆ ಸರಳವಾದದ್ದು. ಮಂತ್ರಾಚಮನದ ನೀರು ಅಂಗೈಯಲ್ಲಿರುವಾಗ ಒಂದು ಕ್ಷಣ ತಡೆದು, ಹಿಂದಿನ ಹೊತ್ತಿನ ಒಂದೇ ಒಂದು ತಪ್ಪನ್ನು ಸ್ಪಷ್ಟವಾಗಿ ನೆನೆಯಬೇಕು. ‘ನಾನು ಮಹಾಪಾಪಿ’ ಎಂಬ ಸಾಮಾನ್ಯ ಮಾತು ಸಾಲದು. ಅದರಲ್ಲಿಯೂ ಒಂದು ಬಗೆಯ ಅಡಗಿಕೊಳ್ಳುವಿಕೆ ಇದೆ. ಯಾರಿಗೆ, ಯಾವಾಗ, ಏನೆಂದೆ ಎಂಬುದು ನೆನಪಿಗೆ ಬರಬೇಕು. ಮನೆಯ ಹೆಣ್ಣುಮಕ್ಕಳೂ ಮಕ್ಕಳೂ ಸಂಜೆ ದೇವರ ದೀಪ ಹಚ್ಚುವಾಗ ಮನಸ್ಸು, ಮಾತು, ಕೈ ಎಂಬ ಮೂರನ್ನು ಹೀಗೆಯೇ ವಿಚಾರಿಸಿಕೊಳ್ಳಬಹುದು. ಸರಿಪಡಿಸಬಹುದಾದ ತಪ್ಪಾದರೆ ನಾಳೆಯೇ ಸರಿಪಡಿಸುವ ಸಂಕಲ್ಪ ಮಾಡಬೇಕು. ಸರಿಪಡಿಸಲಾಗದ್ದಾದರೆ ಸೂರ್ಯಾಂತರ್ಗತನಾದ ನಾರಾಯಣನಲ್ಲಿ ಒಪ್ಪಿಸಿ ಎಚ್ಚರದಿಂದಿರಬೇಕು. ಗಂಡಹೆಂಡಿರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತೆರೆಯುವುದು ಮಾತ್ರ ಬೇಡ! ಅದು ಆತ್ಮಾವಲೋಕನವಾಗದು.

ನಮ್ಮ ಬಾಳಿನ ಪುಸ್ತಕದಲ್ಲಿಯೂ ಅಳಿಸಿ ಬರೆಯುವ ಅವಕಾಶವಿಲ್ಲ. ಹಳೆಯದು ಓದಲು ಬರುವಂತೆಯೇ ಉಳಿಯುತ್ತದೆ. ಅದರ ಮೇಲೆ ಗೆರೆ ಎಳೆದು ಸರಿಯಾದುದನ್ನು ಬರೆಯುವ ಅವಕಾಶವನ್ನು ಶ್ರೀಹರಿಯು ದಿನಕ್ಕೆ ಮೂರು ಬಾರಿ ಅನುಗ್ರಹಿಸಿದ್ದಾನೆ. ಇಂದಿನ ಸಾಯಂಸಂಧ್ಯೆಯಿಂದಲೇ ಅದನ್ನು ಉಪಯೋಗಿಸಿಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು.