ಅನ್ನದಾತ ಅನ್ನುವ ಮುಂಚೆ

ಪೇಟೆ ಮಕ್ಕಳನ್ನು ಆಡಿಕೊಳ್ಳೋಕೆ ನಮ್ಮ ಹತ್ತಿರ ಒಂದು ಹಳೇ ಜೋಕಿದೆ. ಹಾಲು ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಪ್ಯಾಕೆಟ್‌ನಿಂದ ಅಂತಾವಂತೆ. ಊರಿಂದ ಬಂದ ನಮ್ಮಂಥವರು ಈ ಜೋಕು ಹೇಳಿ ನಗುವಾಗ ಒಳಗೊಳಗೇ ಸ್ವಲ್ಪ ಬೀಗುತ್ತೀವಿ ಕೂಡ. ನಮಗೆ ಗೊತ್ತು, ಇವಕ್ಕೆ ಗೊತ್ತಿಲ್ಲ ಅಂತ. ಆದರೆ ಯೋಚನೆ ಮಾಡಿ ನೋಡಿದರೆ ಮಗು ಹೇಳಿದ್ದು ಅರ್ಧ ಉತ್ತರ. ಹಸುವಿನಿಂದ ಅನ್ನೋದೂ ಅರ್ಧ ಉತ್ತರಾನೇ. ಹಸುವಿಗೂ ಪ್ಯಾಕೆಟ್ಟಿಗೂ ನಡುವೆ ಬೆಳಗಿನ ಜಾವ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರಿದ್ದಾರೆ, ಫ್ಯಾಟ್ ನೋಡೋ ಮಷೀನಿದೆ, ಹಾಲು ಕೆಡದ ಹಾಗೆ ತಣ್ಣಗಿಡೋ ಕೂಲರಿದೆ, ಟ್ಯಾಂಕರಿದೆ. ಈ ನಡುವಿನ ಭಾಗ ಮಗುವಿಗೂ ಗೊತ್ತಿಲ್ಲ, ಜೋಕು ಹೇಳಿದವನೂ ಹೇಳಲ್ಲ.

ಊಟ ಎಲ್ಲಿಂದ ಬರುತ್ತೆ ಅಂತ ಮಕ್ಕಳಿಗೆ ಕಲಿಸಬೇಕು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ಸ್ಕೂಲಿನವರು ವರ್ಷಕ್ಕೊಂದು ಸಲ ತೋಟಕ್ಕೆ ಕರ್ಕೊಂಡು ಹೋಗ್ತಾರೆ, ಟ್ರ್ಯಾಕ್ಟರ್ ಹತ್ತಿಸ್ತಾರೆ, ಮಕ್ಕಳು ಆಳಿಗೊಂದು ಕ್ಯಾರೆಟ್ ಕಿತ್ತು ಫೋಟೋಗೆ ನಿಲ್ತಾವೆ. ನಾವು ಅಪ್ಪ ಅಮ್ಮಂದಿರು ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿ ದೊಡ್ಡ ಕುಂಬಳಕಾಯಿ ತೋರಿಸ್ತೀವಿ. ಎಲ್ಲಾ ಒಳ್ಳೇದೇ. ನನ್ನ ಪ್ರಶ್ನೆ ಬೇರೆ. ಇದನ್ನು ಯಾತಕ್ಕೆ ಕಲಿಸ್ತಿದ್ದೀವಿ? ಸಾಮಾನ್ಯ ಜ್ಞಾನಕ್ಕಾ, ಕೃತಜ್ಞತೆಗಾ, ಇಲ್ಲಾ ನ್ಯಾಯಕ್ಕಾ? ಈ ಮೂರೂ ಒಂದೇ ಪಾಠ ಅಲ್ಲ.

ನಾನು ಬೆಳೆದದ್ದು ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅಪ್ಪ ಈಗಲೂ ಟೊಮ್ಯಾಟೊ ಇಡ್ತಾರೆ. ಹಾಗಾಗಿ ನಾನು ಚೆನ್ನಾಗಿ ಬಲ್ಲ ದಾರಿ ಅಂದ್ರೆ ಟೊಮ್ಯಾಟೊ ದಾರಿ. ನರ್ಸರಿಯಿಂದ ಟ್ರೇಯಲ್ಲಿ ಸಸಿ ಬರುತ್ತೆ. ಅದಕ್ಕೆ ಮುಂಚೆ ನೆಲ ಉತ್ತು, ಗೊಬ್ಬರ ಹಾಕಿ, ಡ್ರಿಪ್ ಪೈಪು ಎಳೆದು, ಮಲ್ಚಿಂಗ್ ಶೀಟು ಹಾಸಿರಬೇಕು. ಗಿಡ ಮೇಲೆದ್ದ ಹಾಗೆ ನೀಲಗಿರಿ ಕಡ್ಡಿ ನೆಟ್ಟು ದಾರ ಕಟ್ಟಬೇಕು, ಇಲ್ಲಾಂದ್ರೆ ಕಾಯಿ ನೆಲಕ್ಕೆ ತಾಗಿ ಕೊಳೆಯುತ್ತೆ. ನೀರು ನೂರಾರು ಅಡಿ ಆಳದಿಂದ ಬರಬೇಕು. ನಮ್ಮ ಕಡೆ 1000 ಅಡಿ ದಾಟಿದ ಬೋರ್‌ವೆಲ್ ಈಗ ಸುದ್ದಿಯೇ ಅಲ್ಲ. ಎಲೆ ಮುರುಟಿದರೆ ಒಂದು ಔಷಧಿ, ಅಂಗಮಾರಿ ಬಂದರೆ ಇನ್ನೊಂದು. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ದೂರದ ಮಾರ್ಕೆಟ್ಟಿಗಾದರೆ ಹಣ್ಣು ಪೂರ್ತಿ ಕೆಂಪಾಗೋ ಮುಂಚೆ, ಬಣ್ಣ ತಿರುಗುವಾಗಲೇ ಬಿಡಿಸಬೇಕು. ಬಿಡಿಸೋರು ಹೆಚ್ಚಾಗಿ ಕೂಲಿಗೆ ಬರೋ ಹೆಂಗಸರು. 15 ಕೆಜಿ ಕ್ರೇಟಿಗೆ ತುಂಬಿ ಟೆಂಪೋಗೆ ಹೇರಿ ಕೋಲಾರ ಎಪಿಎಂಸಿಗೆ. ಅಲ್ಲಿ ಹರಾಜು. ಅಲ್ಲಿಂದ ಲಾರಿಗಳು ಉತ್ತರ ಭಾರತದವರೆಗೂ ಹೋಗ್ತವೆ. ಬೆಂಗಳೂರಿನ ಪಾಲಿಗೆ ಬಂದದ್ದು ಮಾರ್ಕೆಟ್ಟು ಸೇರಿ, ತಳ್ಳುಗಾಡಿಗೋ ಅಂಗಡಿಗೋ ಆ್ಯಪ್‌ನವರ ಗೋಡೌನಿಗೋ ಹೋಗಿ, ಕೊನೆಗೆ 10 ನಿಮಿಷದಲ್ಲಿ ನಮ್ಮ ಮನೆ ಬಾಗಿಲಿಗೆ ಬರುತ್ತೆ.

ಇಷ್ಟು ಹೇಳಿದರೆ ಸಾಮಾನ್ಯ ಜ್ಞಾನದ ಪಾಠ ಮುಗೀತು. ಸಾಮಾನ್ಯವಾಗಿ ಇದರ ಕೊನೆಗೆ ನಾವು ಒಂದು ಸಾಲು ಸೇರಿಸ್ತೀವಿ: 'ನೋಡು ಪುಟ್ಟಾ, ರೈತ ಎಷ್ಟು ಕಷ್ಟ ಪಡ್ತಾನೆ, ಅವನು ಅನ್ನದಾತ, ತಟ್ಟೇಲಿ ಏನೂ ಬಿಡಬಾರದು.' ಇದು ಕೃತಜ್ಞತೆಯ ಪಾಠ. ನನಗೆ ತೊಡಕಾಗೋದು ಇಲ್ಲಿ.

ಅನ್ನದಾತ ಅನ್ನೋ ಪದವನ್ನೇ ಬಿಡಿಸಿ ನೋಡಿ. ದಾತ ಅಂದ್ರೆ ಕೊಡೋನು, ದಾನಿ. ನಮ್ಮಪ್ಪ ಯಾರಿಗೂ ಟೊಮ್ಯಾಟೊ ದಾನ ಮಾಡಲಿಲ್ಲ. ಮಾರೋಕೆ ಅಂತ ಬೆಳೆದರು. ಒಳ್ಳೇ ರೇಟು ಸಿಕ್ಕಲಿ ಅಂತ ದೇವರಿಗೆ ಕೈ ಮುಗಿದು ಕ್ರೇಟು ಹೇರಿದರು. ಅವರನ್ನು ದಾನಿ ಅಂತ ಕರೆದ ತಕ್ಷಣ ಅವರಿಗೆ ಬರಬೇಕಾದ ದುಡ್ಡಿನ ಮಾತು ಹಿಂದಕ್ಕೆ ಹೋಗುತ್ತೆ. ದಾನ ಕೊಟ್ಟೋನ ಹತ್ತಿರ ಯಾರಾದರೂ ನಿನಗೆ ಲಾಭ ಆಯ್ತಾ ಅಂತ ಕೇಳ್ತಾರಾ? ಪೂಜೆ ಮಾಡಿದರೆ ಸಾಕು. ಪೂಜೆಗೆ ಖರ್ಚೂ ಕಮ್ಮಿ.

ಇದರ ಎದುರಿಗೆ ಇನ್ನೊಂದು ವಾದ ಇದೆ. ಆಫೀಸಿನಲ್ಲಿ ಊಟ ಮಾಡುವಾಗ ಒಬ್ಬ ಗೆಳೆಯ ಅಂದ: 'ಅಲ್ಲ ಗುರು, ನಾನು ದುಡ್ಡು ಕೊಟ್ಟೇ ತಾನೆ ತಗೊಳ್ಳೋದು? ನನ್ನ ಲ್ಯಾಪ್‌ಟಾಪ್ ಮಾಡಿದವನಿಗೆ ದಿನಾ ಕೈ ಮುಗೀತೀನಾ? ಕೊಟ್ಟೆ, ತಗೊಂಡೆ, ಲೆಕ್ಕ ಚುಕ್ತಾ.' ಒರಟಾಗಿ ಕೇಳಿಸಿದರೂ ಇದು ಪ್ರಾಮಾಣಿಕ ಪ್ರಶ್ನೆ. ಹಿರಿಯರು 'ಅನ್ನದ ಋಣ' ಅಂತಿದ್ರು. ದುಡ್ಡು ಕೊಟ್ಟ ಮೇಲೂ ಋಣ ಉಳಿಯುತ್ತಾ?

ಉಳಿಯುತ್ತೆ ಅಂತ ನನ್ನ ವಾದ. ಹಾಗೆ ಅನ್ನೋಕೆ ನಾನು ಭಕ್ತಿಯನ್ನಲ್ಲ, ಲೆಕ್ಕವನ್ನೇ ಹಿಡ್ಕೊಳ್ತೀನಿ. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ 100 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಕೋಲಾರದಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು. ಟಿವಿ ತುಂಬಾ ಅದೇ, ವಾಟ್ಸಾಪ್ ತುಂಬಾ ಅದೇ ಜೋಕು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರೇಟು ಕೆಳಗೆ ಬಿತ್ತು, ಬಿಡಿಸೋ ಕೂಲಿಯೂ ಹುಟ್ಟಲ್ಲ ಅನ್ನೋ ಮಟ್ಟಕ್ಕೆ. ಅದರ ಬಗ್ಗೆ ಎಷ್ಟು ಜೋಕು ಬಂತು? ಜುಲೈ ರೇಟು ನೋಡಿ ಆಸೆಯಿಂದ ನಾಟಿ ಮಾಡಿದವರ ಬೆಳೆ ಒಟ್ಟಿಗೇ ಮಾರ್ಕೆಟ್ಟಿಗೆ ಬಂದ್ರೆ ಹಾಗೇ ಆಗೋದು. ಇವತ್ತು ನೆಟ್ಟವನಿಗೆ ಇವತ್ತಿನ ರೇಟು ಸಿಗಲ್ಲ, ಎರಡೂವರೆ ತಿಂಗಳ ನಂತರದ ರೇಟು ಸಿಗುತ್ತೆ. ಅದು ಎಷ್ಟು ಅಂತ ಅವನಿಗೂ ಗೊತ್ತಿರಲ್ಲ.

ನಮ್ಮ ಕೆಲಸಕ್ಕೆ ಹೋಲಿಸಿ ನೋಡಿ. ನಾನು ಮೂರು ತಿಂಗಳು ಕೋಡ್ ಬರೆದು, ರಿಲೀಸ್ ಆದ ದಿನ ಬೆಳಗ್ಗೆ ಮ್ಯಾನೇಜರ್ ಬಂದು 'ಈ ಸಲ ಎಲ್ಲಾ ಕಂಪನಿಯವರೂ ಇದೇ ಫೀಚರ್ ಮಾಡಿಬಿಟ್ಟಿದ್ದಾರೆ, ಹಾಗಾಗಿ ನಿನ್ನ ಮೂರು ತಿಂಗಳ ಸಂಬಳ 4000' ಅಂದರೆ? ನಾಳೆಯಿಂದ ಯಾರೂ ಕೋಡ್ ಬರೆಯಲ್ಲ. ಪ್ರಾಜೆಕ್ಟ್ ಬಿದ್ದರೂ ಆ ತಿಂಗಳ ಸಂಬಳ ನನ್ನ ಅಕೌಂಟಿಗೆ ಬಂದಿರುತ್ತೆ. ಕೆಲಸ ಹೋಗೋ ಭಯ ನಮಗೂ ಇದೆ, ಇಲ್ಲ ಅನ್ನಲ್ಲ. ಆದರೆ ಮಾಡಿ ಮುಗಿಸಿದ ಕೆಲಸಕ್ಕೆ ಬೆಲೆ ಎಷ್ಟು ಅಂತ ಆಮೇಲೆ ಹರಾಜು ಕೂಗಲ್ಲ. ನಾವು ಟೊಮ್ಯಾಟೊಗೆ ಕೊಡೋ ದುಡ್ಡಿನಲ್ಲಿ ಸಾಗಾಣಿಕೆ ಇದೆ, ಕಮಿಷನ್ ಇದೆ, ದಾರಿಯಲ್ಲಿ ಕೊಳೆತದ್ದರ ನಷ್ಟ ಇದೆ, ಡೆಲಿವರಿ ಇದೆ. ಬೆಳೆದವನು ಹೊತ್ತ ಅಪಾಯಕ್ಕೆ ಅದರಲ್ಲಿ ಬೆಲೆಯೇ ಇಲ್ಲ. ಟೊಮ್ಯಾಟೊಗೆ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸೇರೋದು ಸುಮಾರು 33 ಪೈಸೆ ಅಂತ 2024ರಲ್ಲಿ ರಿಸರ್ವ್ ಬ್ಯಾಂಕಿನ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಈರುಳ್ಳಿಗೆ 36, ಆಲೂಗಡ್ಡೆಗೆ 37. ಸಹಕಾರ ಸಂಘಗಳಿರೋ ಹಾಲಿನಲ್ಲಿ ಈ ಪಾಲು ಇದಕ್ಕಿಂತ ಎಷ್ಟೋ ದೊಡ್ಡದು. ಅಂದ್ರೆ ಇದು ಹಣೆಬರಹ ಅಲ್ಲ, ವ್ಯವಸ್ಥೆ. ವ್ಯವಸ್ಥೆಯನ್ನು ಬೇರೆ ಥರ ಕಟ್ಟಬಹುದು. ಮಗು ಕಲಿಯಬೇಕಾದ ಮಾತು ಇದು.

ಹಾಗಂತ ನಡುವಿನವರನ್ನೆಲ್ಲ ಕಳ್ಳರು ಅಂತ ಕಲಿಸಬೇಕಾಗಿಲ್ಲ. ನಮ್ಮ ಬೀದಿಗೆ ಬರೋ ತಳ್ಳುಗಾಡಿಯವರು ಬೆಳಗಿನ ಜಾವ ಎದ್ದು ಮಾರ್ಕೆಟ್ಟಿಗೆ ಹೋಗಿ ಮಾಲು ತಂದಿರ್ತಾರೆ. ಸಂಜೆಗೆ ಉಳಿದು ಬಾಡಿದ್ದು ಅವರ ನಷ್ಟ. ಮಂಡಿಯಲ್ಲಿ ಕ್ರೇಟು ಹೊರೋ ಹಮಾಲರ ಬೆನ್ನು, ರಾತ್ರಿ ಲಾರಿ ಓಡಿಸೋ ಡ್ರೈವರಣ್ಣನ ನಿದ್ದೆ, ಇವೂ ತಟ್ಟೆಗೆ ಬಂದಿರ್ತವೆ. ತೋಟ ಮತ್ತು ತಟ್ಟೆ ಎರಡನ್ನೇ ತೋರಿಸಿ ನಡುವಿನವರನ್ನು ಅಳಿಸಿಬಿಟ್ಟರೆ ಪಾಠ ಚೆಂದ ಆಗುತ್ತೆ, ನಿಜ ಆಗಲ್ಲ.

'ತಟ್ಟೇಲಿ ಬಿಡಬೇಡ' ಅನ್ನೋ ಮಾತೂ ಹೀಗೇ. ಅನ್ನ ಚೆಲ್ಲೋದು ತಪ್ಪು, ನಮ್ಮ ಮನೇಲೂ ಒಪ್ಪಲ್ಲ. ಆದರೆ ಹೊಟ್ಟೆ ತುಂಬಿದ ಮಗುವಿಗೆ ರೈತನ ಬೆವರು ನೆನಪಿಸಿ ಇನ್ನೆರಡು ತುತ್ತು ತುರುಕಿದರೆ ರೈತನಿಗೆ ಏನೂ ಸಿಗಲ್ಲ, ಮಗುವಿಗೆ ಊಟ ಅಂದ್ರೆ ಅಪರಾಧ ಅನ್ನೋ ಭಾವ ಸಿಗುತ್ತೆ. ಕಮ್ಮಿ ಬಡಿಸಿದರೆ ಮುಗೀತು. ಎಂಟು ವರ್ಷದ ಮಗುವಿನ ಮೇಲೆ ದೇಶದ ಕೃಷಿ ಸಂಕಟ ಹೇರೋದು ನ್ಯಾಯ ಅಲ್ಲ. ಗೊತ್ತು ಮಾಡಿಸೋದು ಬೇರೆ, ಹೊರಿಸೋದು ಬೇರೆ.

ಇನ್ನೊಂದು ಸಂಗತಿ ಇದೆ, ಇದನ್ನು ಬೆಂಗಳೂರಿನ ಯಾವ ಮಗುವಿಗೆ ಹೇಳಿದರೂ ಕಣ್ಣರಳಿಸುತ್ತೆ. ತಟ್ಟೆಯಲ್ಲಿ ದಾರಿ ಮುಗಿಯಲ್ಲ. ಕೆಸಿ ವ್ಯಾಲಿ ಯೋಜನೆ ಅಂತ ಇದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಹರಿಯೋ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ನೂರಕ್ಕೂ ಹೆಚ್ಚು ಕೆರೆ ತುಂಬಿಸಿ ಅಂತರ್ಜಲ ಏರಿಸೋದು ಉದ್ದೇಶ. ಅಂದ್ರೆ ಟೊಮ್ಯಾಟೊ ತಿಂದು ತಟ್ಟೆ ತೊಳೆದ ನೀರು ಟೊಮ್ಯಾಟೊ ಬಂದ ಊರಿಗೇ ವಾಪಸ್ ಹೋಗಬಹುದು. ಒಣಗಿ ಬಿರುಕು ಬಿಟ್ಟಿದ್ದ ಕೆರೆಯಲ್ಲಿ ನೀರು ಕಂಡ ಸಂತೋಷವೂ ಊರಲ್ಲಿದೆ, ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಮಾಡಿ ಅನ್ನೋ ಬೇಡಿಕೆಯೂ ಇದೆ. ಸಿಂಕಿಗೆ ಏನು ಸುರಿಯಬೇಕು, ಏನು ಸುರಿಯಬಾರದು ಅನ್ನೋದು ಹೀಗೆ ಹೇಳಿದರೆ ಮಗುವಿಗೆ ಬೇಗ ತಿಳಿಯುತ್ತೆ. ತಾತನ ಊರಿನ ಕೆರೆ ಅದು.

ಕೊನೆಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಮ್ಮೂರಲ್ಲಿ ಓದದೆ ಇರೋ ಹುಡುಗರನ್ನು ಹೆದರಿಸೋ ಮಾತು ಒಂದೇ: 'ಓದು, ಇಲ್ಲಾಂದ್ರೆ ಮಣ್ಣು ಹೊರಬೇಕಾಗುತ್ತೆ.' ಇದನ್ನು ಹೇಳ್ತಿದ್ದೋರು ಮಣ್ಣು ಹೊತ್ತವರೇ. ಅಪ್ಪ ನನ್ನನ್ನು ಬಿಇ ಓದಿಸಿದ್ದು ಟೊಮ್ಯಾಟೊ ದುಡ್ಡಿನಲ್ಲಿ, ಮಗ ಟೊಮ್ಯಾಟೊ ಇಡಬಾರದು ಅಂತ. ಅದರಲ್ಲಿ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ, ಅವರಿಗೂ ಇಲ್ಲ. ಆದರೆ ನೋಡಿ, ಹಳ್ಳಿಯಲ್ಲಿ ಬೇಸಾಯ ಶಿಕ್ಷೆ, ಪೇಟೆಯಲ್ಲಿ ಅದೇ ಬೇಸಾಯ ದೇವರ ಕೆಲಸ. ಎರಡರಲ್ಲೂ ಅದು ಒಂದು ಕೆಲಸ ಅನ್ನೋದು ಬಿಟ್ಟುಹೋಗಿದೆ. ಯಾವ ಹೊಲಕ್ಕೆ ಯಾವ ತಳಿ, ಮೋಡ ನೋಡಿ ಔಷಧಿ ಹೊಡೆಯೋದು ಇವತ್ತಾ ನಾಳೆನಾ, ಇಷ್ಟು ಬಣ್ಣ ತಿರುಗಿದರೆ ಎಷ್ಟು ದೂರದ ಮಾರ್ಕೆಟ್ಟು ತಡೆಯುತ್ತೆ, ಇವೆಲ್ಲ ಅಪ್ಪನಿಗೆ ಗೊತ್ತು, ನನಗೆ ಗೊತ್ತಿಲ್ಲ. ಅದು ತ್ಯಾಗ ಅಲ್ಲ, ವಿದ್ಯೆ. ಮಗಳಿಗೆ ತಾತನ ಕಷ್ಟ ಹೇಳೋದಕ್ಕಿಂತ ತಾತನ ವಿದ್ಯೆ ಹೇಳೋದು ಹೆಚ್ಚು ಮರ್ಯಾದೆ ಅಂತ ನನಗೆ ಅನ್ಸುತ್ತೆ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ತಟ್ಟೆ ಮುಂದೆ ಮೂರು ಪ್ರಶ್ನೆ ಓಡಾಡ್ತವೆ. ಇದನ್ನು ಬೆಳೆಯೋಕೆ ಏನೇನು ಗೊತ್ತಿರಬೇಕು? ಇಲ್ಲಿಗೆ ಬರೋವರೆಗೆ ಯಾರ್ಯಾರ ಕೈ ಮುಟ್ಟಿದೆ? ಎಲ್ಲಾದರೂ ಕೆಟ್ಟರೆ ನಷ್ಟ ಯಾರಿಗೆ? ದಿನಾ ಅಲ್ಲ, ಮೂಡು ಇದ್ದಾಗ. ಪಾಠ ಅಂತ ಗೊತ್ತಾದರೆ ಮಗಳು ಎದ್ದು ಹೋಗ್ತಾಳೆ. ಮೂರನೇ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಒಂದೇ ಕಡೆ ಬರುತ್ತೆ ಅನ್ನೋದನ್ನು ಅವಳೇ ಗಮನಿಸಿದ್ದಾಳೆ. 'ಹಾಗಾದ್ರೆ ಎಲ್ಲರೂ ಸ್ವಲ್ಪ ಸ್ವಲ್ಪ ಹಂಚ್ಕೋಬಹುದಲ್ವಾ?' ಅಂದ್ಲು. ಬೆಂಬಲ ಬೆಲೆ, ಬೆಳೆ ವಿಮೆ, ಸಹಕಾರ ಸಂಘ ಅಂತ ದೊಡ್ಡೋರು ಒದ್ದಾಡ್ತಿರೋದು ಇದೇ ಒಂದು ಮಾತಿಗೆ.

ಅವಳ ಇನ್ನೊಂದು ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಇದೆ. ಹೋದ ಸಲ ಊರಿಗೆ ಹೋದಾಗ ಕೇಳಿದ್ಲು: 'ಅಪ್ಪಾ, ತಾತಂಗೆ ಗೊತ್ತಿರೋದೆಲ್ಲ ಆಮೇಲೆ ಯಾರಿಗೆ ಗೊತ್ತಿರುತ್ತೆ?' ಅಪ್ಪ ಅಲ್ಲೇ ಕಡ್ಡಿಗೆ ದಾರ ಕಟ್ತಿದ್ರು. ತಲೆ ಎತ್ತಿ ನನ್ನ ಕಡೆ ನೋಡಿದ್ರು, ನೀನೇ ಹೇಳು ಅನ್ನೋ ಹಾಗೆ.