ರೋಗಿಯ ಕರ್ಮ ಮತ್ತು ಗಡ್ಡೆಯೊಳಗಿನ ಬ್ಯಾಕ್ಟೀರಿಯ

ಹಿಂದೆ ಮಾಡಿದ ಕರ್ಮವೇ ರೋಗವಾಗಿ ಕಾಡುತ್ತದೆಯೇ ಎಂಬ ಪ್ರಶ್ನೆಗೆ ಗಬ್ಬೂರು, ದೇವದುರ್ಗ, ಮಾನ್ವಿಗಳ ಸೀಮೆಯಲ್ಲಿ ದಾಸಪರಂಪರೆಯ ಹಿನ್ನೆಲೆಯಿದೆ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಹರಿದಾಸರನ್ನು ಹಗುರಾಗಿ ಕಂಡು, ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರೆಂದೂ, ನೆಪವೇ ನಿಜವಾಗಿ ಉದರಶೂಲೆಯಿಂದ ನರಳಿದರೆಂದೂ, ಕೊನೆಗೆ ವಿಜಯದಾಸರ ಸೂಚನೆಯಂತೆ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಆ ಪರಂಪರೆ ನಂಬಿಕೊಂಡು ಬಂದಿದೆ. ಮುಂದೆ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಈ ಶ್ರೀನಿವಾಸಾಚಾರ್ಯರೇ.

ಇನ್ನು ರೋಗದ ಕಾರಣವನ್ನು ವಿಜ್ಞಾನ ಹುಡುಕುವ ಬಗೆಗೆ ಒಂದು ಉದಾಹರಣೆ ನೋಡೋಣ. ಜಠರದ ಹಿಂಬದಿಯಲ್ಲಿದ್ದು ಜೀರ್ಣರಸವನ್ನೂ ಇನ್ಸುಲಿನ್ನನ್ನೂ ಸ್ರವಿಸುವ ಮೇದೋಜೀರಕ ಗ್ರಂಥಿಯಲ್ಲಿ ಸೂಕ್ಷ್ಮಜೀವಿಗಳಿಗೆ ಎಡೆಯಿಲ್ಲವೆಂದೇ ವೈದ್ಯಶಾಸ್ತ್ರ ಬಹುಕಾಲ ತಿಳಿದಿತ್ತು. 2017ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರವಿದ್ ಸ್ಟ್ರಾಸ್‌ಮನ್ ಮತ್ತು ಸಂಗಡಿಗರು ಈ ಗ್ರಂಥಿಯ 113 ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ 86ರಲ್ಲಿ ಬ್ಯಾಕ್ಟೀರಿಯಗಳನ್ನು ಕಂಡರು. ಅವುಗಳಲ್ಲಿ ಕೆಲವು ತಮ್ಮ ಕಿಣ್ವದಿಂದ, ಎಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿನಿಂದ, ಜೆಮ್‌ಸಿಟಬಿನ್ ಎಂಬ ಔಷಧವನ್ನೇ ನಿಷ್ಫಲಗೊಳಿಸಬಲ್ಲವೆಂದೂ ತಿಳಿಯಿತು. ಮರುವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಥ ಬ್ಯಾಕ್ಟೀರಿಯಗಳು ದೇಹದ ರೋಗನಿರೋಧಕ ಶಕ್ತಿಯನ್ನು ಮಂಕಾಗಿಸಿ ಗಡ್ಡೆಯ ಬೆಳವಣಿಗೆಗೆ ದಾರಿಮಾಡುವುದನ್ನು ಇಲಿಗಳಲ್ಲಿ ತೋರಿಸಿದರು. 2019ರ ಮತ್ತೊಂದು ಅಧ್ಯಯನದಲ್ಲಿ, ಹೆಚ್ಚು ಕಾಲ ಬದುಕಿದ ರೋಗಿಗಳ ಗಡ್ಡೆಗಳಲ್ಲೇ ಬ್ಯಾಕ್ಟೀರಿಯಗಳ ವೈವಿಧ್ಯ ಹೆಚ್ಚಾಗಿ ಕಂಡಿತು. ಮನುಷ್ಯರಲ್ಲಿ ಈ ಕ್ಯಾನ್ಸರನ್ನು ಹುಟ್ಟಿಸುವುದು ಬ್ಯಾಕ್ಟೀರಿಯವೇ ಎಂಬುದು ಮಾತ್ರ ಇನ್ನೂ ಸಿದ್ಧವಾಗಿಲ್ಲ.

ಒಂದೆಡೆ ಕೇಡಿಗೆ, ಇನ್ನೊಂದೆಡೆ ಪ್ರಾಯಶಃ ಒಳಿತಿಗೆ ಕಾರಣವಾಗುವ ಈ ಜೀವಿಗಳಿಗೆ ರೋಗಿಯ ಪಾಪಪುಣ್ಯಗಳ ಪರಿವೆಯಿಲ್ಲ. ಬ್ಯಾಕ್ಟೀರಿಯ ಬರೀ ನಿಮಿತ್ತ, ಅದು ಇವನಿಗೇ ಏಕೆ ಬಂತು ಎಂದು ಕರ್ಮವಾದಿ ಕೇಳಬಹುದು, ಮತ್ತು ಆ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಆದರೆ ಶಾಸ್ತ್ರವು ಕರ್ಮದ ಮಾತನ್ನು ಎತ್ತಿದ ಸಂದರ್ಭ ಯಾವುದು? ಲೋಕದ ಸುಖದುಃಖಗಳ ಏರುಪೇರಿನಿಂದ ದೇವರ ಮೇಲೆ ಬರುವ ವೈಷಮ್ಯ ಮತ್ತು ನೈರ್ಘೃಣ್ಯ, ಎಂದರೆ ಪಕ್ಷಪಾತ ಮತ್ತು ನಿಷ್ಕರುಣೆ ಎಂಬ ದೋಷಗಳನ್ನು ಅಲ್ಲಗಳೆಯಲು ಬ್ರಹ್ಮಸೂತ್ರಗಳು ಕರ್ಮವನ್ನು ಮುಂದಿಡುತ್ತವೆ. ದೇವರನ್ನು ನಿಷ್ಕರುಣೆಯ ಆರೋಪದಿಂದ ಬಿಡಿಸಲು ಹೇಳಿದ ಮಾತನ್ನು, ಹಾಸಿಗೆ ಹಿಡಿದವನ ಮೇಲೆ ಮನುಷ್ಯರು ನಿಷ್ಕರುಣೆ ತೋರಲು ಬಳಸುವುದು ಆ ಸಿದ್ಧಾಂತಕ್ಕೇ ಎಸಗುವ ಅಪಚಾರ.

ದಾಸರ ಕಥೆಯೂ ಇದಕ್ಕೆ ಸಾಕ್ಷಿ, ಏಕೆಂದರೆ ಅದರಲ್ಲಿ ತಪ್ಪಿಗಿಂತ ದಾನ ದೊಡ್ಡದು. ಪ್ರಾರಬ್ಧವನ್ನು, ಅಂದರೆ ಫಲ ಕೊಡಲು ತೊಡಗಿಬಿಟ್ಟ ಕರ್ಮವನ್ನು ಉಂಡೇ ತೀರಿಸಬೇಕೆಂದು ಗೋಪಾಲದಾಸರು ಬಲ್ಲವರಾಗಿದ್ದರೂ, ಅದನ್ನು ನೆಪವಾಗಿಸಿ ಕೈಕಟ್ಟಿ ಕೂರಲಿಲ್ಲ. ಅವರು 1762ರಲ್ಲಿ ತೀರಿಕೊಂಡರು, ಜಗನ್ನಾಥದಾಸರು 1809ರವರೆಗೆ ಬಾಳಿದರು.

ಮೇದೋಜೀರಕದ ಕ್ಯಾನ್ಸರ್ ಆ ಗ್ರಂಥಿಯ ತಲೆಭಾಗದಲ್ಲಿ ಬೆಳೆದಾಗ ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ತೋರುವುದುಂಟು. ಬೆನ್ನಿಗೆ ಹಾಯುವ ಹೊಟ್ಟೆನೋವು, ಕಾರಣವಿಲ್ಲದೆ ಇಳಿಯುವ ತೂಕವೂ ಇದರ ಲಕ್ಷಣಗಳು. ಆದ್ದರಿಂದ ಗಬ್ಬೂರಿನ ಮನೆಗಳಲ್ಲಿ ಇಂಥ ಲಕ್ಷಣಗಳುಳ್ಳವರು ಕಂಡಾಗ, ಯಾವ ಜನ್ಮದ ಪಾಪವೋ ಎಂದು ಲೆಕ್ಕಹಾಕುತ್ತ, ಕಾಮಾಲೆಗೆ ನಾಟಿ ಔಷಧವೇ ಸಾಕೆಂದು ದಿನ ದೂಡದೆ, ಬಂಧುಗಳು ಅವರನ್ನು ತಡಮಾಡದೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಲಿ.